ಕೋಟೆಯಿಂದ ಗುಂಬಜ್‌ಗೆ: ಗಚ್ಚಿಬೌಲಿಯ ಮಗ್ಗುಲಲ್ಲೊಂದು ನಡಿಗೆ

ಗಚ್ಚಿಬೌಲಿಯ ಕನ್ನಡಿಗರ ಮನೆಗೆ ಊರಿನಿಂದ ನೆಂಟರು ಬಂದರೆ ಚಹಾ ಲೋಟ ಕೆಳಗಿಡುವ ಮೊದಲೇ ಬರುವ ಪ್ರಶ್ನೆ, ಚಾರ್‌ಮಿನಾರ್‌ಗೆ ಯಾವಾಗ ಹೋಗೋಣ ಎಂಬುದು. ಹೋಗಬೇಕು ನಿಜ. ಆದರೆ ವಾರಾಂತ್ಯದ ವಾಹನ ಜಂಗುಳಿಯಲ್ಲಿ ಹತ್ತಿರ ಹತ್ತಿರ ಇಪ್ಪತ್ತು ಕಿಲೋಮೀಟರ್ ತೆವಳಿ, ನಿಲ್ಲಿಸಲು ಜಾಗ ಹುಡುಕಿ, ಲಾಡ್ ಬಜಾರಿನ ಬಳೆ ಅಂಗಡಿಗಳ ನಡುವೆ ಒಬ್ಬರನ್ನೊಬ್ಬರು ಕಳೆದುಕೊಂಡು ಮನೆಗೆ ಬರುವಷ್ಟರಲ್ಲಿ ಎಲ್ಲರಿಗೂ ಸಾಕುಸಾಕಾಗಿರುತ್ತದೆ. ಚಾರ್‌ಮಿನಾರ್ ಎದ್ದದ್ದು 1591ರಲ್ಲಿ. ಅದಕ್ಕೂ ಮುಂಚೆ ಈ ಸೀಮೆಯ ರಾಜಧಾನಿಯಾಗಿದ್ದ ಊರು ಅದರ ಅರ್ಧ ದೂರದಲ್ಲಿ, ಗಚ್ಚಿಬೌಲಿ ವೃತ್ತದಿಂದ ಸುಮಾರು ಹತ್ತು ಕಿಲೋಮೀಟರ್‌ನಲ್ಲಿದೆ. ಅದೇ ಗೋಲ್ಕೊಂಡ.

ಗೋಲ್ಕೊಂಡ ನೋಡದವರು ಕಡಿಮೆ. ಅಲ್ಲಿಂದ ಕುತುಬ್‌ಶಾಹಿ ಗುಂಬಜ್‌ಗಳಿಗೆ ಹೋದವರೂ ಇದ್ದಾರೆ. ಆದರೆ ಬಹುತೇಕರು ಕೋಟೆಗೆ ಒಂದು ಕ್ಯಾಬ್, ಗುಂಬಜ್‌ಗೆ ಇನ್ನೊಂದು ಕ್ಯಾಬ್ ಮಾಡಿ, ನಡುವಿನ ಎರಡು ಕಿಲೋಮೀಟರನ್ನು ಮೊಬೈಲ್ ನೋಡುತ್ತಲೇ ದಾಟಿಬಿಡುತ್ತಾರೆ. ನನ್ನ ಮಟ್ಟಿಗೆ ಆ ಎರಡು ಕಿಲೋಮೀಟರೇ ಇಡೀ ದಿನದ ಮುಖ್ಯ ಭಾಗ. ಕೋಟೆಯಲ್ಲಿ ಬಾಳಿದವರು, ಬಡಿದಾಡಿದವರು ಕೊನೆಗೆ ಆ ಗುಂಬಜ್‌ಗಳ ಅಡಿಯಲ್ಲಿ ಮಲಗಿದ್ದಾರೆ. ನಡೆದು ಹೋದರೆ ಎರಡೂ ಒಂದೇ ಕಥೆಯೆಂದು ಗೊತ್ತಾಗುತ್ತದೆ.

ಮೊದಲು ಹೋಗುವ ದಾರಿ. ಗಚ್ಚಿಬೌಲಿಯಿಂದ ಹಳೇ ಮುಂಬೈ ರಸ್ತೆ ಹಿಡಿದು ರಾಯದುರ್ಗ ದಾಟಿದರೆ ಶೇಕ್‌ಪೇಟೆ. 2022ರ ಜನವರಿ ಒಂದರಂದು ಇಲ್ಲೊಂದು ಉದ್ದನೆಯ ಮೇಲ್ಸೇತುವೆ ಶುರುವಾಯಿತು. ಅದನ್ನು ಹತ್ತಿದಿರೋ, ಸೀದಾ ಟೋಲಿಚೌಕಿಯಲ್ಲಿ ಇಳಿಯುತ್ತೀರಿ. ಸೇತುವೆ ಹತ್ತದೆ ಕೆಳಗಿನ ರಸ್ತೆಯಲ್ಲೇ ಹೋಗಿ, ಸೆವೆನ್ ಟೂಂಬ್ಸ್ ರಸ್ತೆಗೆ ಬಲಕ್ಕೆ ಹೊರಳಬೇಕು. ಆಟೋದವರಿಗೆ ಕುತುಬ್‌ಶಾಹಿ ಹೆರಿಟೇಜ್ ಪಾರ್ಕ್ ಎಂದೆಲ್ಲ ಹೇಳುವುದಕ್ಕಿಂತ ‘ಸಾತ್ ಗುಂಬದ್’ ಎಂದರೆ ಕೆಲಸ ಬೇಗ ಆಗುತ್ತದೆ. ಕೋಟೆಗೆ ‘ಖಿಲಾ’ ಅಂದರೆ ಸಾಕು. ಬೀದರ್, ಕಲಬುರಗಿ ಕಡೆಯವರಿಗೆ ಈ ದಖ್ಖನಿಯನ್ನು ನಾನು ಹೇಳಿಕೊಡಬೇಕಿಲ್ಲ. ಅವರು ದರವನ್ನೂ ನನಗಿಂತ ಚೆನ್ನಾಗಿ ಚೌಕಾಸಿ ಮಾಡುತ್ತಾರೆ. ಮೆಟ್ರೋ ನಂಬಿದವರು ನೀಲಿ ಮಾರ್ಗದ ಕೊನೆಯ ನಿಲ್ದಾಣವಾದ ರಾಯದುರ್ಗದಲ್ಲಿ ಇಳಿದು, ಅಲ್ಲಿಂದ ಆಟೋ ಹಿಡಿಯಬೇಕು.

ಸ್ವಂತ ಕಾರಿದ್ದರೆ ಹೀಗೆ ಮಾಡಿ: ಕಾರನ್ನು ಗುಂಬಜ್‌ಗಳ ಹತ್ತಿರ ನಿಲ್ಲಿಸಿ, ಅಲ್ಲಿಂದ ಆಟೋದಲ್ಲಿ ಕೋಟೆಗೆ ಹೋಗಿ, ಕೋಟೆ ನೋಡಿಕೊಂಡು ಕಾರಿನ ಕಡೆಗೆ ನಡೆದು ಬನ್ನಿ. ಕೋಟೆಯ ಮುಂದಿನ ಇಕ್ಕಟ್ಟಿನಲ್ಲಿ ಕಾರು ತಿರುಗಿಸುವ ಕಷ್ಟ ತಪ್ಪುತ್ತದೆ, ನಡಿಗೆ ಮುಗಿಸಿ ಮತ್ತೆ ಹಿಂದಕ್ಕೆ ಹೋಗುವ ತಾಪತ್ರಯವೂ ಇರುವುದಿಲ್ಲ.

ಕೋಟೆಯನ್ನು ನೋಡಿಕೊಳ್ಳುವುದು ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆ. ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯುತ್ತದೆ. ಟಿಕೆಟ್ಟಿಗೆ ಕೌಂಟರಿನಲ್ಲಿ 25 ರೂಪಾಯಿ, ಮೊಬೈಲಿನಲ್ಲಿ ಕೊಂಡರೆ 20. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಹನ್ನೊಂದರ ನಂತರ ಈ ಕಲ್ಲುಗಳು ಕಾದು ಕೆಂಡವಾಗುತ್ತವೆ, ಏಪ್ರಿಲ್–ಮೇಯಲ್ಲಂತೂ ಹೇಳುವುದೇ ಬೇಡ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಆಗಸ್ಟ್ 15ರ ಆಸುಪಾಸಿನಲ್ಲಿ ಹೊರಡುವವರು ವಿಚಾರಿಸಿಕೊಂಡು ಹೋಗಿ: ತೆಲಂಗಾಣ ಸರ್ಕಾರ 2014ರಿಂದ ಸ್ವಾತಂತ್ರ್ಯ ದಿನದ ಧ್ವಜ ಹಾರಿಸುವುದು ಈ ಕೋಟೆಯಲ್ಲೇ. ಆಗ ಸಿದ್ಧತೆಗೆಂದು ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ. ಆಷಾಢದಲ್ಲಿ ಬೋನಾಲು ಹಬ್ಬ ಶುರುವಾಗುವುದೂ ಇಲ್ಲಿನ ಗುಡ್ಡದ ಮೇಲಿನ ಜಗದಂಬಾ ಮಹಾಕಾಳಿ ಗುಡಿಯಿಂದ. ಹಬ್ಬ ನೋಡಬೇಕೆಂದರೆ ಆಗಲೇ ಹೋಗಿ. ಕೋಟೆ ನೋಡಬೇಕೆಂದರೆ ಆ ದಿನಗಳನ್ನು ಬಿಟ್ಟುಬಿಡಿ.

ಇನ್ನು ಬಾಲಾ ಹಿಸಾರ್ ಬಾಗಿಲು. ಎಲ್ಲರೂ ಒಳಗೆ ಓಡಿ ಚಪ್ಪಾಳೆ ತಟ್ಟುವ ಆತುರದಲ್ಲಿರುತ್ತಾರೆ. ನೀವು ಎರಡು ನಿಮಿಷ ಹೊರಗೇ ನಿಲ್ಲಿ. ಬಾಗಿಲ ಮುಂದೆ ಅಡ್ಡಗೋಡೆಯೊಂದಿದೆ. ವೈರಿಯ ಆನೆ ದೂರದಿಂದ ಓಡಿ ಬಂದು ಬಾಗಿಲಿಗೆ ಗುದ್ದಬಾರದೆಂದು ಕಟ್ಟಿದ್ದು ಅದು. ಓಡಲು ಜಾಗವೇ ಇಲ್ಲದಿದ್ದರೆ ಆನೆಯಾದರೂ ಏನು ಮಾಡೀತು? ಆಮೇಲೆ ತಲೆಯೆತ್ತಿ ಕಮಾನಿನ ಮೇಲ್ಭಾಗ ನೋಡಿ. ಗಾರೆಯಲ್ಲಿ ಮಾಡಿದ ನವಿಲುಗಳಿವೆ, ಯಾಳಿಗಳಿವೆ. ಹಂಪಿಯ ಕಂಬಗಳಲ್ಲಿ ಕಂಡ ಅದೇ ಸಿಂಹಮುಖದ ಯಾಳಿ, ಸುಲ್ತಾನನ ಕೋಟೆಯ ಹೆಬ್ಬಾಗಿಲ ಮೇಲೆ. ಕಟ್ಟಿಸಿದವರ ಮತ ಯಾವುದೇ ಇರಲಿ, ಗಾರೆ ಕೆಲಸದವರು ತಮ್ಮ ಕೈಗೆ ಪಳಗಿದ್ದನ್ನೇ ಮಾಡಿದ್ದಾರೆ.

ಒಳಗಿನ ಗುಮ್ಮಟದಡಿ ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಯ ಮಂಟಪದಲ್ಲಿ ಕೇಳಿಸುತ್ತದೆ. ಇದು ಮಾರ್ಗದರ್ಶಿಗಳ ಉತ್ಪ್ರೇಕ್ಷೆಯಲ್ಲ, ನಿಜವಾಗಿಯೂ ಕೇಳಿಸುತ್ತದೆ. ಆದರೆ ಭಾನುವಾರ ಒಂದೇ ಹೊತ್ತಿಗೆ ಮೂವತ್ತು ಜನ ತಟ್ಟುತ್ತಿದ್ದರೆ ಯಾರ ಚಪ್ಪಾಳೆ ಯಾರಿಗೆ ಮುಟ್ಟಬೇಕು? ವಾರದ ದಿನ ರಜೆ ಹಾಕಲು ಇದೊಂದು ಒಳ್ಳೆಯ ಕಾರಣ. ಬಾಗಿಲ ಹತ್ತಿರವೇ ಒಂದು ಸ್ನಾನಗೃಹವಿದೆ. ಅರಮನೆಯಲ್ಲಿ ಸತ್ತವರಿಗೆ ಇಲ್ಲಿ ಕೊನೆಯ ಸ್ನಾನ ಮಾಡಿಸಿ, ಬಂಜಾರಾ ದರ್ವಾಜಾದ ಮೂಲಕ ಗುಂಬಜ್‌ಗಳ ಕಡೆಗೆ ಒಯ್ಯುತ್ತಿದ್ದರೆಂದು ಹೇಳುತ್ತಾರೆ. ನಾವು ಆಮೇಲೆ ನಡೆಯುವ ದಾರಿಯೂ ಅದೇ.

ಮೇಲೆ ಹೋಗಲು ಮುನ್ನೂರ ಅರವತ್ತಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಏರುವಾಗ ಬಲಗಡೆಯ ನಿಧಾನದ ದಾರಿ ಹಿಡಿಯಿರಿ, ಇಳಿಯುವಾಗ ಅರಮನೆಗಳ ಕಡೆಗೆ ಬರುವ ಕಡಿದಾದ ಮೆಟ್ಟಿಲು. ಏರುವ ದಾರಿಯಲ್ಲಿ ರಾಮದಾಸನ ಸೆರೆಮನೆ ಸಿಗುತ್ತದೆ. ಭದ್ರಾಚಲದ ತಹಶೀಲ್ದಾರನಾಗಿದ್ದ ಕಂಚೆರ್ಲ ಗೋಪನ್ನ ಸರ್ಕಾರದ ಕಂದಾಯದ ದುಡ್ಡಿನಲ್ಲಿ ರಾಮನ ಗುಡಿ ಕಟ್ಟಿಸಿದನೆಂದು ಇಲ್ಲಿ ಕೂಡಿಹಾಕಿದ್ದರಂತೆ, ಹನ್ನೆರಡು ವರ್ಷ. ಸುಲ್ತಾನನ ಮಂತ್ರಿಗಳಾಗಿದ್ದ ಅಕ್ಕನ್ನ–ಮಾದನ್ನ ಅವನ ಸೋದರಮಾವಂದಿರೇ. ಆದರೂ ಸೆರೆ ತಪ್ಪಲಿಲ್ಲ. ಗೋಡೆಯ ಮೇಲೆ ರಾಮ, ಸೀತೆ, ಲಕ್ಷ್ಮಣರ ಮೂರ್ತಿಗಳಿವೆ. ಒಳಗೆ ಕತ್ತಲೆ, ಬಾವಲಿ ವಾಸನೆ. ಮೊಬೈಲ್ ದೀಪ ಹಚ್ಚಿಕೊಳ್ಳಿ.

ತುದಿಯ ಬಾರಾದರಿಯ ಮೇಲೆ ನಿಂತರೆ ಉತ್ತರಕ್ಕೆ ಗುಂಬಜ್‌ಗಳ ಸಾಲು ಸ್ಪಷ್ಟವಾಗಿ ಕಾಣುತ್ತದೆ. ಅವುಗಳಾಚೆ, ವಾಯವ್ಯದ ಕಡೆಗೆ, ಗಚ್ಚಿಬೌಲಿಯ ಗಾಜಿನ ಗೋಪುರಗಳು. ಬೆಳಗ್ಗೆ ಓಡಲು ಹೋಗುವವರಿಗೆ ಗೊತ್ತಿರುವ ದುರ್ಗಂ ಚೆರುವು, ಈಗ ಕೇಬಲ್ ಸೇತುವೆಯ ಬಣ್ಣದ ದೀಪಗಳಿಗೆ ಹೆಸರಾಗಿದೆ. ಅದು ಈ ಕೋಟೆಗೆ ಕುಡಿಯುವ ನೀರು ಕೊಡುತ್ತಿದ್ದ ಕೆರೆ. ಅಲ್ಲಿಂದ ಬಂದ ನೀರನ್ನು ಎತ್ತುಗಳ ರಾಟೆಯಿಂದ ಹಂತಹಂತವಾಗಿ ಮೇಲಕ್ಕೆತ್ತಿ, ಗೋಡೆಯೊಳಗೆ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ಅರಮನೆಗೆ ಹರಿಸುತ್ತಿದ್ದರು. ಇಳಿಯುವಾಗ ಗೋಡೆ ಒಡೆದ ಕಡೆಗಳಲ್ಲಿ ಆ ಕೊಳವೆಯ ತುಂಡುಗಳು ಇಣುಕುತ್ತವೆ, ಮಕ್ಕಳಿದ್ದರೆ ಹುಡುಕಲು ಹೇಳಿ. ಮಂಡಿ ನೋವಿನ ಹಿರಿಯರಿದ್ದರೆ ಅವರನ್ನು ಮೇಲಕ್ಕೆ ಹತ್ತಿಸುವ ಹಠ ಬೇಡ. ಕೆಳಗಿನ ತಾರಾಮತಿ ಮಸೀದಿ, ರಾಣಿ ಮಹಲು, ಅಕ್ಕನ್ನ–ಮಾದನ್ನರ ಕಚೇರಿ ಎಲ್ಲವೂ ಸಮತಟ್ಟು ಜಾಗದಲ್ಲಿವೆ, ಅಷ್ಟರಲ್ಲೇ ಒಂದು ಗಂಟೆ ಸುಖವಾಗಿ ಕಳೆಯುತ್ತದೆ.

ಕೋಟೆಯಿಂದ ಹೊರಬಂದ ಕೂಡಲೇ ನಡಿಗೆ ಶುರುಮಾಡಬೇಡಿ. ಬಾಲಾ ಹಿಸಾರ್ ಬಾಗಿಲ ಹತ್ತಿರದಲ್ಲೇ ಜಾಮಿ ಮಸೀದಿಯಿದೆ, ಮಸ್ಜಿದ್-ಎ-ಸಫಾ ಎಂದೂ ಹೆಸರು. 1518ರಲ್ಲಿ ಸುಲ್ತಾನ್ ಕುಲಿ ಕಟ್ಟಿಸಿದ್ದು. ಈತ ಬೀದರಿನ ಬಹಮನಿ ದೊರೆಯ ಸೇವೆಯಲ್ಲಿದ್ದವನು, ತೆಲಂಗಾಣ ಪ್ರಾಂತದ ಅಧಿಕಾರಿಯಾಗಿ ಇಲ್ಲಿಗೆ ಬಂದವನು. ಬೀದರಿನ ಅರಸೊತ್ತಿಗೆ ಕುಸಿದಾಗ ಗೋಲ್ಕೊಂಡದಲ್ಲಿ ತಾನೇ ದೊರೆಯಾದ. ಕಾಕತೀಯರ ಕಾಲದ ಮಣ್ಣಿನ ಕೋಟೆ ಕಲ್ಲಿನ ಕೋಟೆಯಾಗತೊಡಗಿದ್ದು ಇವನಿಂದ. 1543ರಲ್ಲಿ, ತೊಂಬತ್ತು ದಾಟಿದ ಮುದುಕನಾಗಿ ಇದೇ ಮಸೀದಿಯಲ್ಲಿ ಪ್ರಾರ್ಥನೆಗೆ ಕೂತಿದ್ದಾಗ ಅವನ ಕೊಲೆಯಾಯಿತು. ಮಾಡಿಸಿದವನು ಮಗ ಜಮ್‌ಷೀದ್.

ಇಲ್ಲಿಂದ ಕನ್ನಡಿಗರು ಸ್ವಲ್ಪ ಕಿವಿ ನೆಟ್ಟಗೆ ಮಾಡಬೇಕಾದ ಕಥೆ. ಅಣ್ಣನ ಕೈಗೆ ಸಿಕ್ಕರೆ ತನಗೂ ಉಳಿಗಾಲವಿಲ್ಲವೆಂದು ಕಿರಿಯ ಮಗ ಇಬ್ರಾಹಿಂ ಓಡಿಹೋದ. ಎಲ್ಲಿಗೆ? ವಿಜಯನಗರಕ್ಕೆ. ಅಳಿಯ ರಾಮರಾಯ ಅವನಿಗೆ ಆಶ್ರಯ ಕೊಟ್ಟ. ಏಳು ವರ್ಷ ಹಂಪಿಯ ಅನ್ನ ಉಂಡು, ತೆಲುಗಿನ ರುಚಿ ಹತ್ತಿಸಿಕೊಂಡು, ಜಮ್‌ಷೀದ್ ಸತ್ತ ಮೇಲೆ 1550ರಲ್ಲಿ ಮರಳಿ ಬಂದು ಪಟ್ಟ ಏರಿದ. ತೆಲುಗು ಕವಿಗಳು ಅವನನ್ನು ‘ಮಲ್ಕಿಭರಾಮ’ ಎಂದು ಕರೆದು ಕೊಂಡಾಡಿದರು. ಅದೇ ಇಬ್ರಾಹಿಂ 1565ರ ಜನವರಿಯಲ್ಲಿ ವಿಜಾಪುರ, ಅಹಮದ್‌ನಗರ, ಬೀದರಿನ ಸುಲ್ತಾನರ ಜೊತೆ ಕೈಜೋಡಿಸಿ ತಾಳಿಕೋಟೆಯ ಯುದ್ಧಕ್ಕೆ ಸೈನ್ಯ ತಂದ. ಎದುರಿಗಿದ್ದ ದಳದ ನಡುವೆ ಇದ್ದವನು ಅನ್ನವಿಟ್ಟ ರಾಮರಾಯನೇ. ಆ ದಿನ ರಾಮರಾಯನ ತಲೆ ಹೋಯಿತು, ಹಂಪಿ ಹಾಳಾಯಿತು. ಉಪಕಾರ ಮರೆತವನೆಂದು ಬಯ್ಯುವುದು ಸುಲಭ. ಆದರೆ ರಾಮರಾಯ ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತ ಬಂದದ್ದೂ, ಇಬ್ರಾಹಿಂನ ನೆಲಕ್ಕೇ ಕೈ ಹಾಕಿದ್ದೂ ಸುಳ್ಳಲ್ಲ. ಬಯ್ಯುವುದೋ ಬಿಡುವುದೋ, ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನ ಗೋರಿಯ ಮುಂದೆ ನಿಂತು ತೀರ್ಮಾನ ಮಾಡಿ.

ಈಗ ನಡೆಯಿರಿ. ಕೋಟೆಯ ಬಾಗಿಲಿಗೆ ಬೆನ್ನುಹಾಕಿ ಉತ್ತರದ ಕಡೆಗೆ, ಬಂಜಾರಾ ದರ್ವಾಜಾದ ದಾರಿ ಕೇಳುತ್ತ ಹೋದರೆ ಸಾಕು. ನೀವಿರುವುದು ಇನ್ನೂ ಕೋಟೆಯ ಒಳಗೇ. ಟಿಕೆಟ್ ಕೊಂಡು ನೋಡಿದ್ದು ನಡುವಿನ ಗುಡ್ಡವನ್ನು ಮಾತ್ರ. ಸುತ್ತಲೂ ಕಿಲೋಮೀಟರ್‌ಗಟ್ಟಲೆ ಹಬ್ಬಿದ ಹೊರಗೋಡೆಯ ಒಳಗೆ ಇಂದಿಗೂ ಒಂದು ಊರೇ ಬದುಕುತ್ತಿದೆ. ಶಾಲೆ ಬಿಟ್ಟ ಮಕ್ಕಳು, ವೆಲ್ಡಿಂಗ್ ಅಂಗಡಿ, ಕುರಿ ಮಾಂಸದ ಅಂಗಡಿ, ಹಳೆಯ ಕಮಾನಿಗೇ ಒರಗಿಸಿದ ಬೈಕುಗಳು. ಬೇಸಿಗೆಯಾದರೆ ತಾಟಿನಿಂಗು ಸುಲಿದು ಕೊಡುವವರು ಸಿಗುತ್ತಾರೆ, ಬಿಡಬೇಡಿ. ಪಾದಚಾರಿ ಮಾರ್ಗವೆಂಬುದು ಇಲ್ಲಿ ಹೆಸರಿಗೂ ಇಲ್ಲ, ಆಟೋಗಳು ಮೈಗೆ ಸವರಿಕೊಂಡೇ ಹೋಗುತ್ತವೆ. ಮಕ್ಕಳ ಕೈ ಹಿಡಿದುಕೊಳ್ಳಿ, ರಸ್ತೆಯ ಬಲಬದಿಯಲ್ಲಿ ಎದುರು ಬರುವ ವಾಹನ ಕಾಣುವಂತೆ ನಡೆಯಿರಿ. ಗಾಲಿಕುರ್ಚಿ ಬೇಕಾದವರಿಗೆ ಈ ತುಂಡು ದಾರಿ ಆಗದು, ಅವರು ಆಟೋದಲ್ಲೇ ಹೋಗುವುದು ಒಳ್ಳೆಯದು. ಕೋಟೆ ಪ್ರದೇಶದ ಸಾಕಷ್ಟು ಜಾಗ ಸೇನೆಯ ವಶದಲ್ಲಿದೆ. ಫಲಕ ಇದ್ದ ಕಡೆ ಕ್ಯಾಮೆರಾ ಎತ್ತಬೇಡಿ.

ಬಂಜಾರಾ ದರ್ವಾಜಾ ಗೋಲ್ಕೊಂಡದ ಎಂಟು ಹೆಬ್ಬಾಗಿಲುಗಳಲ್ಲಿ ಒಂದು. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಊರೂರು ತಿರುಗುತ್ತಿದ್ದ ಬಂಜಾರರ ಹೆಸರು ಅದಕ್ಕೆ ಉಳಿದಿದೆ. ಇವತ್ತಿಗೂ ರಸ್ತೆ ಆ ಬಾಗಿಲೊಳಗಿಂದಲೇ ಸಾಗುತ್ತದೆ. ಒಳಗೆ ತಿರುವು ಇರುವುದರಿಂದ ಎದುರಿನ ವಾಹನ ಕಾಣುವುದಿಲ್ಲ, ಎಲ್ಲರೂ ಹಾರ್ನ್ ಬಾರಿಸುತ್ತಲೇ ನುಗ್ಗುತ್ತಾರೆ. ಶತ್ರು ಒಂದೇ ಉಸಿರಿಗೆ ಒಳಬರಬಾರದೆಂದು ಇಟ್ಟ ತಿರುವು ಅದು. ಈಗ ಶಾಲಾ ಬಸ್ಸುಗಳನ್ನು ತಡೆಯುತ್ತಿದೆ. ಬದಿಗೆ ನಿಂತು ವಾಹನಗಳು ಸರಿದ ಮೇಲೆ ದಾಟಿ.

ಸಮಯವಿದ್ದವರಿಗೆ ಒಂದು ಅಡ್ಡದಾರಿ: ಕೋಟೆಯ ಈಶಾನ್ಯಕ್ಕಿರುವ ನಯಾ ಖಿಲಾ. ಮೊಗಲರ 1656ರ ದಾಳಿಯ ಬಳಿಕ ಸೇರಿಸಿದ ಭಾಗ ಇದು. ಅಲ್ಲೊಂದು ದೈತ್ಯ ಬಾವೊಬಾಬ್ ಮರವಿದೆ, ಜನರ ಬಾಯಲ್ಲಿ ‘ಹತಿಯಾಂ ಕಾ ಝಾಡ್’. ಆಫ್ರಿಕಾದಿಂದ ಬಂದ ಮರ, ಕಾಂಡದ ಪೊಟರೆಯಲ್ಲಿ ಆಳು ನಿಲ್ಲಬಹುದು. ಸುತ್ತಲಿನ ಜಾಗದಲ್ಲಿ ಈಗ ಗಾಲ್ಫ್ ಮೈದಾನವಿರುವುದರಿಂದ ಒಳಗೆ ಬಿಡುತ್ತಾರೋ ಇಲ್ಲವೋ ಎಂಬುದು ಕಾವಲುಗಾರರ ಮರ್ಜಿ. ಮೊದಲ ಸಲ ಬಂದವರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ.

ಬಾಗಿಲು ದಾಟಿ ಸ್ವಲ್ಪ ಮುಂದೆ ಹೋದರೆ ಗುಂಬಜ್‌ಗಳ ಉದ್ಯಾನ. ನಿಲ್ಲುತ್ತ, ನೋಡುತ್ತ ಬಂದರೂ ನಲವತ್ತು ನಿಮಿಷ ಸಾಕು. ಇಲ್ಲಿನ ಉಸ್ತುವಾರಿ ರಾಜ್ಯದ ಪರಂಪರೆ ಇಲಾಖೆಯದ್ದು, ಆದ್ದರಿಂದ ಟಿಕೆಟ್ ಬೇರೆ. 106 ಎಕರೆಯಲ್ಲಿ ನೂರಕ್ಕೂ ಹೆಚ್ಚು ಕಟ್ಟಡಗಳು: ಗೋರಿಗಳು, ಮಸೀದಿಗಳು, ಮೆಟ್ಟಿಲುಬಾವಿಗಳು, ಒಂದು ಹಮಾಮು. ಹತ್ತು–ಹದಿನೈದು ವರ್ಷ ಹಿಂದೆ ನೋಡಿದವರು ಈಗ ಮತ್ತೊಮ್ಮೆ ಬರಲೇಬೇಕು. ಆಗ ಗುಂಬಜ್‌ಗಳ ಮೈಯೆಲ್ಲ ಕಪ್ಪು ಹಾವಸೆ, ಬಿರುಕಿಗೆ ಬಳಿದ ಸಿಮೆಂಟು. ಆಗಾ ಖಾನ್ ಸಂಸ್ಕೃತಿ ಟ್ರಸ್ಟ್ 2013ರಲ್ಲಿ ಕೆಲಸ ಶುರುಮಾಡಿ, ಸಿಮೆಂಟು ಕಿತ್ತು, ಹಳೆಯ ಕ್ರಮದಲ್ಲೇ ಸುಣ್ಣದ ಗಾರೆ ಅರೆದು ಬಳಿಸಿತು. ಕೆಲಸ ಮುಗಿದು ಉದ್ಯಾನ ಸರ್ಕಾರಕ್ಕೆ ಒಪ್ಪಿಸಿದ್ದು 2024ರ ಜುಲೈಯಲ್ಲಿ. 2013ರ ಮಳೆಗೆ ಒಂದು ಬದಿ ಕುಸಿದಿದ್ದ ಬಡೀ ಬಾವಲಿ ಎಂಬ ಮೆಟ್ಟಿಲುಬಾವಿಯೂ ಮತ್ತೆ ಎದ್ದು ನಿಂತಿದೆ, ನೀರೂ ನಿಂತಿದೆ. ಇಲ್ಲಿನ ಮೆಟ್ಟಿಲುಬಾವಿಗಳ ದುರಸ್ತಿಗೆ 2022ರಲ್ಲಿ ಯುನೆಸ್ಕೋದ ಏಷ್ಯಾ–ಪೆಸಿಫಿಕ್ ಪ್ರಶಸ್ತಿ ಬಂತು. ಹೊಸ ಗಾರೆ ಬೆಳ್ಳಗೆ ಹೊಳೆಯುತ್ತದೆಂದು ಮೂಗು ಮುರಿಯುವವರಿದ್ದಾರೆ. ಗಾರೆ ಎರಡು–ಮೂರು ಮಳೆಗಾಲ ಕಂಡರೆ ತಾನೇ ಮಾಸುತ್ತದೆ, ಸಿಮೆಂಟಿನ ಬಿರುಕಿಗಿಂತ ಇದು ಸಾವಿರ ಪಾಲು ಮೇಲು ಎಂಬುದು ನನ್ನ ಮತ.

ಎಲ್ಲವನ್ನೂ ನೋಡಲು ಹೋದರೆ ತಲೆ ತಿರುಗುತ್ತದೆ. ಐದು ಗೋರಿಗಳನ್ನು ಇದೇ ಕ್ರಮದಲ್ಲಿ ನೋಡಿ. ಮೊದಲು ಸುಲ್ತಾನ್ ಕುಲಿಯದು: ಚಿಕ್ಕದು, ಸರಳ, ಬೀದರಿನ ಗೋರಿಗಳ ಛಾಯೆ ಅದರಲ್ಲಿ ಕಾಣುತ್ತದೆ. ಹತ್ತಿರದಲ್ಲೇ ಅಪ್ಪನನ್ನು ಕೊಲ್ಲಿಸಿದ ಜಮ್‌ಷೀದನದು, ಎಂಟು ಮೂಲೆಯ ಎರಡಂತಸ್ತಿನ ಕಟ್ಟಡ. ಉಳಿದ ಬಹುತೇಕ ಸುಲ್ತಾನರ ಸಮಾಧಿಗಳ ಮೇಲೆ ಕಪ್ಪುಕಲ್ಲಿನಲ್ಲಿ ಹೆಸರು, ತಾರೀಖು ಕೆತ್ತಿಸಿದ್ದಾರೆ. ಇವನದರ ಮೇಲೆ ಒಂದಕ್ಷರವೂ ಇಲ್ಲ. ಆಮೇಲೆ ಇಬ್ರಾಹಿಂ. ಗೋಡೆಯ ಹೊರಮೈಯನ್ನು ಕಣ್ಣು ಕಿರಿದುಮಾಡಿ ನೋಡಿದರೆ ನೀಲಿ, ಹಸಿರು ಬಣ್ಣದ ಮಿರುಗುಬಿಲ್ಲೆಗಳ ಚೂರು ಅಲ್ಲಲ್ಲಿ ಅಂಟಿಕೊಂಡಿರುವುದು ಕಾಣುತ್ತದೆ. ಇಡೀ ಕಟ್ಟಡಕ್ಕೇ ಒಂದು ಕಾಲದಲ್ಲಿ ಅಂಥ ಹೊದಿಕೆಯಿತ್ತು. ನಾಲ್ಕನೆಯದು ಅವನ ಮಗ, ಹೈದರಾಬಾದ್ ಕಟ್ಟಿದ ಮೊಹಮ್ಮದ್ ಕುಲಿಯದು. ಎತ್ತರದ ಜಗಲಿಯ ಮೇಲೆ, ಕಲ್ಲುಕಂಬಗಳ ಪಡಸಾಲೆಯೊಡನೆ ನಿಂತ ಇದೇ ಇಲ್ಲಿನ ಅತ್ಯಂತ ಭವ್ಯ ಗೋರಿ. ಮೇಲೆ ಕಾಣುವ ಸಮಾಧಿ ತೋರಿಕೆಗೆ. ನಿಜವಾದ ಗೋರಿ ಕೆಳಗಿನ ನೆಲಮಾಳಿಗೆಯಲ್ಲಿದೆ. ಕೊನೆಗೆ ಹಯಾತ್ ಬಕ್ಷಿ ಬೇಗಂ. ಒಬ್ಬ ಸುಲ್ತಾನನ ಮಗಳು, ಇನ್ನೊಬ್ಬನ ಹೆಂಡತಿ, ಮತ್ತೊಬ್ಬನ ತಾಯಿ. 1667ರಲ್ಲಿ ತೀರಿಕೊಂಡಳು. ವಿಜಯವಾಡ ರಸ್ತೆಯ ಹಯಾತ್‌ನಗರ ಅವಳ ಹೆಸರಿನದೇ. ಪಕ್ಕದ ಮಸೀದಿಯ ಗಾರೆ ಕೆಲಸವನ್ನು ಅವಸರವಿಲ್ಲದೆ ನೋಡಿ, ಪಾದರಕ್ಷೆ ಕಳಚಿಟ್ಟು.

ಎಂಟು ಸುಲ್ತಾನರಲ್ಲಿ ಏಳು ಮಂದಿ ಇಲ್ಲಿದ್ದಾರೆ. ಎಂಟನೆಯವನಾದ ಅಬುಲ್ ಹಸನ್ ತಾನಾಶಾ ಇಲ್ಲ. ಎಂಟು ತಿಂಗಳ ಮುತ್ತಿಗೆಯ ನಂತರ, ಒಳಗಿನವನೊಬ್ಬ ಬಾಗಿಲು ತೆರೆದುಕೊಟ್ಟು 1687ರ ಸೆಪ್ಟೆಂಬರಿನಲ್ಲಿ ಕೋಟೆ ಔರಂಗಜೇಬನ ಕೈಸೇರಿತು. ತಾನಾಶಾನನ್ನು ದೌಲತಾಬಾದಿನಲ್ಲಿ ಸೆರೆಯಿಟ್ಟರು, ಗೋರಿಯಾದದ್ದು ಖುಲ್ದಾಬಾದಿನಲ್ಲಿ.

ಊಟದ ವಿಚಾರ ದೊಡ್ಡದಲ್ಲ. ಉದ್ಯಾನದ ಒಳಗೆ ಹೊಟ್ಟೆ ತುಂಬುವಂಥದ್ದು ಸಿಗುವುದಿಲ್ಲ, ನೀರಿನ ಬಾಟಲಿ ಮನೆಯಿಂದಲೇ ತನ್ನಿ. ಮುಗಿಸಿ ಟೋಲಿಚೌಕಿಗೆ ಹೋದರೆ ಬಿರಿಯಾನಿ, ಮಂದಿ, ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು ಎಲ್ಲ ಇವೆ. ಸಸ್ಯಾಹಾರಿಗಳು ಗಚ್ಚಿಬೌಲಿಗೇ ವಾಪಸಾಗಿ ಊಟ ಮಾಡುವುದು ವಾಸಿ. ಬೆಳಗ್ಗೆ ಒಂಬತ್ತಕ್ಕೆ ಕೋಟೆ ಹೊಕ್ಕವರು ಹನ್ನೊಂದೂವರೆಗೆ ನಡಿಗೆ ಶುರುಮಾಡಿ, ಮಧ್ಯಾಹ್ನ ಎರಡಕ್ಕೆಲ್ಲ ಮನೆ ಸೇರಬಹುದು.

ಗುಂಬಜ್‌ಗಳಿಗೆ ಶುಕ್ರವಾರ ರಜೆ, ಕೋಟೆಗಿಲ್ಲ. ದಿನ ಆರಿಸುವಾಗ ಇದೊಂದು ನೆನಪಿರಲಿ. ಇದನ್ನು ನೋಡಿ ರುಚಿ ಹತ್ತಿದವರು ಇನ್ನೊಂದು ಭಾನುವಾರ ಜಹೀರಾಬಾದ್ ಮಾರ್ಗವಾಗಿ ಬೀದರಿಗೆ ಹೋಗಿ, ಊರಾಚೆಯ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಗೋರಿಗಳನ್ನೂ ನೋಡಿ ಬನ್ನಿ. ಸುಲ್ತಾನ್ ಕುಲಿ ಚಾಕರಿ ಮಾಡಿದ ಮನೆತನ ಅದು. ಅಲ್ಲಿನ ಅಹಮದ್ ಶಾ ವಲಿಯ ಗೋರಿಯ ಒಳಗೋಡೆಗಳಲ್ಲಿ ಬಣ್ಣದ ಚಿತ್ತಾರ ಇನ್ನೂ ಉಳಿದಿದೆ. ಗೋಲ್ಕೊಂಡದಲ್ಲಿ ಅಂಥದ್ದು ಸಿಗುವುದಿಲ್ಲ.